ಪುಣೆಯ ಒಂದು ದೇಸಿ ನರ್ಸರಿ: ಗಿಡಕ್ಕೆ ಪೂರ್ತಿ ಅಂಕ, ಸಲಹೆಗೆ ಅರ್ಧ

ಪುಣೆಯ ಪಶ್ಚಿಮದ ಅಂಚಿನಲ್ಲಿ, ಊರು ಮುಗಿದು ಗುಡ್ಡ ಶುರುವಾಗುವ ಕಡೆ ಇರುವ ನರ್ಸರಿ ಇದು. ಮಾರುವುದು ದೇಸಿ ಗಿಡಗಳನ್ನು ಮಾತ್ರ. ಗುಲ್‌ಮೊಹರ್, ಟಬೂಬಿಯಾ ಕೇಳಿದರೆ ಬೇರೆ ಕಡೆ ನೋಡಿ ಎನ್ನುತ್ತಾರೆ. ಪುಣೆಯ ಗುಡ್ಡಗಳ ಮೇಲೆ ಹಿಂದೆ ಸಾಲುಸಾಲಾಗಿ ನೆಟ್ಟ ಗ್ಲಿರಿಸಿಡಿಯಾದ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ಅದು ಮಧ್ಯ ಅಮೆರಿಕದ ಮರ, ಅವರ ಸಿಟ್ಟಿಗೆ ಕಾರಣವಿದೆ. ಕೆಳಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇಂಥ ಬೇರೆ ನರ್ಸರಿಗಳಿಗೂ ಅನ್ವಯಿಸುವುದರಿಂದ ಹೆಸರು ಬರೆದಿಲ್ಲ.

ಮೊದಲ ತೊಡಕು ಹೆಸರಿನದು. ಫಲಕಗಳಲ್ಲಿ ಮರಾಠಿ ಹೆಸರು, ಅದರ ಕೆಳಗೆ ಸಸ್ಯಶಾಸ್ತ್ರೀಯ ಹೆಸರು. ಕನ್ನಡದವರು ಇಷ್ಟು ನೆನಪಿಟ್ಟುಕೊಂಡು ಹೋದರೆ ಸಾಕು: ಬಹಾವಾ ಎಂದರೆ ಕಕ್ಕೆ, ಪಳಸ ಎಂದರೆ ಮುತ್ತುಗ, ಐನ್ ಎಂದರೆ ಮತ್ತಿ, ಅರ್ಜುನ್ ಎಂದರೆ ಹೊಳೆಮತ್ತಿ, ಬೇಹಡಾ ಎಂದರೆ ತಾರೆ, ತಾಮ್ಹಣ ಎಂದರೆ ಹೊಳೆದಾಸವಾಳ, ನಿರ್ಗುಡಿ ಎಂದರೆ ಲಕ್ಕಿ, ಕರವಂದ ಎಂದರೆ ಕವಳೆ. ಪುಣೆಯ ವಸತಿ ಸೊಸೈಟಿಗಳ ಮಾಲಿಗಳಲ್ಲಿ ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಅವರಿಗೆ ಕನ್ನಡದ ಹೆಸರು ಹೇಳಿದರೆ ಗಿಡ ಎಷ್ಟು ದೊಡ್ಡದಾಗುತ್ತದೆ, ಎಲೆ ಯಾವಾಗ ಉದುರುತ್ತದೆ ಎಂಬುದನ್ನು ನರ್ಸರಿಯವರಿಗಿಂತ ಚೆನ್ನಾಗಿ ಹೇಳುವುದುಂಟು.

ಗಿಡ ಗುರುತಿಸುವುದರಲ್ಲಿ ಈ ನರ್ಸರಿ ಗಟ್ಟಿ. ಅಶೋಕ ಕೇಳಿದರೆ ಸೀತಾ ಅಶೋಕವನ್ನೇ ಕೊಡುತ್ತಾರೆ. ಬೇರೆ ಕಡೆ ಅದೇ ಹೆಸರಿನಲ್ಲಿ ಸಿಗುವುದು ಕಾಂಪೌಂಡ್ ಗೋಡೆಯುದ್ದಕ್ಕೂ ಕಂಬದಂತೆ ನಿಲ್ಲುವ ಇನ್ನೊಂದೇ ಮರ. ವ್ಯತ್ಯಾಸ ಎಲೆಯಲ್ಲೇ ಕಾಣುತ್ತದೆ. ಸೀತಾ ಅಶೋಕದ ಒಂದೇ ತೊಟ್ಟಿನ ಎರಡೂ ಕಡೆ ಜೋಡಿ ಜೋಡಿಯಾಗಿ ಎಲೆಗಳಿರುತ್ತವೆ, ಚಿಗುರು ತಾಮ್ರದ ಬಣ್ಣದಲ್ಲಿ ಜೋತು ಬಿದ್ದಿರುತ್ತದೆ. ಕಂಬದ ಅಶೋಕದ್ದು ಅಂಚು ಅಲೆಅಲೆಯಾದ ಒಂಟಿ ಎಲೆ.

ದಸರಾ ಹತ್ತಿರ ಬಂದಾಗ ಕನ್ನಡಿಗರು ಮೋಸಹೋಗುವುದು ಆಪ್ಟಾ ವಿಷಯದಲ್ಲಿ. ನಮ್ಮ ಕಡೆ ಬಂಗಾರವೆಂದು ಹಂಚುವುದು ಬನ್ನಿ ಎಲೆ, ಇಲ್ಲಿ ಆಪ್ಟಾ. ಪೇಟೆಯಲ್ಲಿ ಆಪ್ಟಾ ಎಂದು ಮಾರುವ ಸೊಪ್ಪಿನಲ್ಲಿ ಕೆಂಪುಮಂದಾರದ ಎಲೆಯೂ ಇರುತ್ತದೆ, ಏಕೆಂದರೆ ಎರಡೂ ಒಂದೇ ಕುಲದವು, ಎರಡರ ಎಲೆಯೂ ನಡುವೆ ಸೀಳಿದ್ದೇ. ಆಪ್ಟಾದ ಎಲೆ ಚಿಕ್ಕದು, ದಪ್ಪ, ಉದ್ದಕ್ಕಿಂತ ಅಗಲ ಹೆಚ್ಚು, ಮಂದಾರದ್ದು ಅಂಗೈಯಷ್ಟು. ಬನ್ನಿಯೇ ಬೇಕೆನ್ನುವವರೂ ಎಚ್ಚರದಿಂದಿರಬೇಕು. ಎಷ್ಟೋ ಕಡೆ ಶಮಿ ಎಂದು ಕೊಡುವ ಗಿಡ ಹೂಬಿಟ್ಟಾಗ ಅರ್ಧ ಗುಲಾಬಿ, ಅರ್ಧ ಹಳದಿಯ ಕುಚ್ಚು ತೂಗುತ್ತದೆ. ಅದು ಬನ್ನಿಯಲ್ಲ, ಬನ್ನಿಯ ಹೂವು ಪೂರ್ತಿ ತಿಳಿಹಳದಿ. ಈ ನರ್ಸರಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಅದನ್ನು ನೋಡುವುದಕ್ಕಾದರೂ ಒಮ್ಮೆ ಹೋಗಬಹುದು.

ಸಸಿಗಳ ಆರೋಗ್ಯ ಒಳ್ಳೆಯದೇ, ಆದರೆ ಯಾವ ತಿಂಗಳು ಹೋಗುತ್ತೀರಿ ಎಂಬುದರ ಮೇಲಿದೆ. ಜೂನ್‌ನಲ್ಲಿ ಹೊಸ ಸಸಿ ಸಿಗುತ್ತದೆ. ಫೆಬ್ರವರಿಯ ಹೊತ್ತಿಗೆ ಉಳಿದಿರುವುದು ಹಿಂದಿನ ಮಳೆಗಾಲದ್ದು, ಕೆಲವು ಅದಕ್ಕೂ ಹಿಂದಿನವು, 5×8 ಇಂಚಿನ ಅದೇ ಚೀಲದಲ್ಲಿ. ಸಸಿ ಎತ್ತುವಾಗ ನೆಲ ಬಿಡದೆ ಕಚ್ಚಿಕೊಂಡರೆ ಬೇರು ಚೀಲದ ತೂತಿನಿಂದ ಹೊರಬಂದು ನೆಲಕ್ಕಿಳಿದಿದೆ ಎಂದರ್ಥ. ಅದನ್ನು ಕಿತ್ತು ತಂದರೆ ಮೂರು ನಾಲ್ಕು ದಿನದಲ್ಲೇ ಎಲೆ ಬಾಡುತ್ತದೆ. ಒಳಗೆ ಬೇರು ಸುರುಳಿ ಸುತ್ತಿದ್ದರೆ ತೊಂದರೆ ತಡವಾಗಿ ಬರುತ್ತದೆ: ಕೆಲವು ವರ್ಷ ಚೆನ್ನಾಗಿಯೇ ಬೆಳೆದ ಮರ ಒಂದು ಗಾಳಿಗೆ ಬುಡಸಮೇತ ವಾಲುತ್ತದೆ. ಅನಿವಾರ್ಯವಾಗಿ ಅಂಥ ಸಸಿ ಕೊಂಡರೆ ಚೀಲ ಹರಿದು, ಬೇರಿನ ಗಡ್ಡೆಯ ಕೆಳಗಿನ ಒಂದು ಇಂಚನ್ನು ಬ್ಲೇಡಿನಿಂದ ಕತ್ತರಿಸಿ, ಬದಿಯಲ್ಲಿ ಮೇಲಿಂದ ಕೆಳಕ್ಕೆ ಮೂರು ನಾಲ್ಕು ಕಡೆ ಕಾಲು ಇಂಚು ಆಳದ ಗೀರು ಹಾಕಿ ನೆಡಬೇಕು. ಮುತ್ತುಗಕ್ಕೆ ಈ ಉಪಾಯ ನಡೆಯುವುದಿಲ್ಲ. ಅದರ ತಾಯಿಬೇರು ತುಂಡಾದರೆ ಗಿಡ ವರ್ಷಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಮುತ್ತುಗ ಬೇಕಿದ್ದರೆ ಇದ್ದುದರಲ್ಲಿ ಅತಿ ಚಿಕ್ಕ ಸಸಿ ಆರಿಸಿ. ನಾಲ್ಕು ಅಡಿಯದು ಕಂಡರೆ ಆಸೆಪಡಬೇಡಿ.

ನರ್ಸರಿಯ ದೊಡ್ಡ ದೋಷ ಬೇರೆಯೇ. ಇಲ್ಲಿ ಎಲ್ಲ ಫಲಕಗಳ ಮೇಲೂ ಒಂದೇ ಹಸಿರು ಚೀಟಿ: ಸ್ಥಾನಿಕ, ಅಂದರೆ ಸ್ಥಳೀಯ. ಎಲ್ಲಿನ ಸ್ಥಳೀಯ? ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಘಟ್ಟ ಇಳಿದು ಕೊಂಕಣಕ್ಕೆ ಹೋದರೆ 2500 ಮಿ.ಮೀ. ದಾಟುತ್ತದೆ. ಮಹಾರಾಷ್ಟ್ರದ ಮರವೆಂದ ಮಾತ್ರಕ್ಕೆ ಪುಣೆಯ ಪೂರ್ವ ಭಾಗದ ಹಡಪ್‌ಸರದ ಬಿಸಿಲಿಗೆ ಒಗ್ಗುವುದಿಲ್ಲ. ಸೀತಾ ಅಶೋಕ ನೀರಿನ ಪಕ್ಕದ, ನೆರಳಿನ ಕಾಡಿನ ಮರ. ಪಶ್ಚಿಮದ ಬಿಸಿಲು ನೇರವಾಗಿ ಬೀಳುವ ಕಡೆ ಅದರ ಎಲೆಯ ಅಂಚು ಏಪ್ರಿಲ್‌ಗೇ ಸುಟ್ಟು ಕಂದಾಗುತ್ತದೆ. ಕಟ್ಟಡದ ಪೂರ್ವಕ್ಕೆ, ಮಧ್ಯಾಹ್ನದ ನಂತರ ನೆರಳು ಸಿಗುವಲ್ಲಿ ನೆಟ್ಟರೆ ಉಳಿಯುತ್ತದೆ. ಈ ಮಾತನ್ನು ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಬಿಲ್ ಮಾಡುತ್ತಾರೆ.

ಕೋಕಮ್, ಅಂದರೆ ನಮ್ಮ ಮುರುಗಲು, ಇದಕ್ಕಿಂತ ಕೆಟ್ಟ ಉದಾಹರಣೆ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡಾಗಿರುತ್ತವೆ, ಅದು ಗೊತ್ತಾಗುವುದು ಏಳೆಂಟು ವರ್ಷದ ಮೇಲೆ, ಹೂಬಿಟ್ಟಾಗ. ಹಣ್ಣಿನ ಆಸೆಯಿದ್ದವರು ಕಸಿ ಗಿಡವನ್ನೇ ಕೊಳ್ಳಬೇಕು. ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ್ ಅಮೃತಾ ತಳಿ ಇದೆ. ಇಲ್ಲಿರುವುದು ಬರೀ ಬೀಜದ ಸಸಿ, ಅದೂ ಪುಣೆಯ ಒಣ ಹವೆಯಲ್ಲಿ ನೆಡುವವರಿಗೆ. ಗೋವಾದಲ್ಲೋ ಕೊಂಕಣದಲ್ಲೋ ತೋಟವಿದ್ದರೆ ಮಾತು ಬೇರೆ.

ಪುಣೆಯ ಬಿಸಿಲಿಗೆ, ಗರಸಿನಂಥ ಮುರುಮ್ ನೆಲಕ್ಕೆ ಕಣ್ಣುಮುಚ್ಚಿ ಕೊಳ್ಳಬಹುದಾದದ್ದು ಕಕ್ಕೆ, ಮುತ್ತುಗ, ಆಪ್ಟಾ, ಹೊಂಗೆ, ಬೇವು. ಪೊದೆಗಳಲ್ಲಿ ಲಕ್ಕಿ, ಕವಳೆ, ಎಡಮುರಿ, ಧಾತಕಿ. ಕವಳೆ ಮುಳ್ಳಿನ ಬೇಲಿಗೆ ಸೊಗಸು, ಮೂರು ಅಡಿಗೊಂದರಂತೆ ನೆಟ್ಟರೆ ನಾಯಿಯೂ ನುಸುಳದು. ಹೊಳೆಮತ್ತಿಯನ್ನು ನೀರು ನಿಲ್ಲುವ ಮೂಲೆಗೆ ಇಟ್ಟುಕೊಳ್ಳಿ. ಚಿಟ್ಟೆಗಾಗಿ ಕೇಳುವವರಿಗೆ ಈಶ್ವರಿ ಬಳ್ಳಿ ಇದೆ. ಅದು ನಮ್ಮದೇ ಈಶ್ವರಿಯಾಗಿರಬೇಕು. ಇದೇ ಕುಲದ, ದೊಡ್ಡ ಹೂವಿನ ವಿದೇಶಿ ಬಳ್ಳಿಗಳ ಮೇಲೆ ಚಿಟ್ಟೆ ಮೊಟ್ಟೆಯಿಟ್ಟರೂ ಹುಳು ಬದುಕದೆ ಹೋಗಬಹುದು. ಇಲ್ಲಿ ಸರಿಯಾದದ್ದೇ ಸಿಗುತ್ತದೆ.

ಇನ್ನು ಲ್ಯಾಂಡ್‌ಸ್ಕೇಪ್ ಸೇವೆ. ಜಾಗ ನೋಡಿ, ನಕ್ಷೆ ಹಾಕಿ, ನೆಟ್ಟು ಕೊಡುತ್ತಾರೆ. ಗುಂಡಿಯ ಕೆಲಸ ಅಚ್ಚುಕಟ್ಟು: 2 ಅಡಿ ಉದ್ದ, ಅಗಲ, ಆಳ. ಅಗೆದ ಮಣ್ಣು ಎರಡು ಪಾಲು, ಕೊಳೆತ ಗೊಬ್ಬರ ಒಂದು ಪಾಲು. ಬರೀ ಗೊಬ್ಬರ ತುಂಬಿದರೆ ಅದು ಇಳಿದು ಗಿಡವೂ ಜೊತೆಗೆ ಕುಸಿಯುತ್ತದೆ, ಬುಡದಲ್ಲಿ ನೀರು ನಿಂತು ಕಾಂಡ ಕೊಳೆಯುತ್ತದೆ. ಅದನ್ನು ಅವರು ಬಲ್ಲರು. ಬಿಟ್ಟುಬಿಡುವುದು ಒಂದು ಪರೀಕ್ಷೆಯನ್ನು. ಪುಣೆಯಲ್ಲಿ ಎರಡು ಅಡಿ ಅಗೆದರೆ ಎಷ್ಟೋ ಕಡೆ ಕಪ್ಪು ಬಂಡೆ ಸಿಗುತ್ತದೆ, ಗುಂಡಿ ಹಂಡೆಯಾಗುತ್ತದೆ. ಗುಂಡಿಗೆ ನೀರು ತುಂಬಿಸಿ ಮರುದಿನ ನೋಡಬೇಕು. 24 ಗಂಟೆಯಲ್ಲಿ ಇಂಗದಿದ್ದರೆ ತಳವನ್ನು ಹಾರೆಯಿಂದ ಒಡೆಸಬೇಕು, ಆಗದಿದ್ದರೆ ಒಂದು ಅಡಿ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ನೆಡಲು ಬರುವ ಹಿಂದಿನ ದಿನ ನೀವೇ ಮಾಡಿಟ್ಟರೆ ಜಗಳವಿಲ್ಲ.

ಒತ್ತೊತ್ತಾಗಿ ನೆಡುವ ಮಿಯಾವಾಕಿ ಪ್ಯಾಕೇಜನ್ನು ಮಾತ್ರ ನಯವಾಗಿ ಬೇಡವೆನ್ನಿ. ಚದರ ಮೀಟರಿಗೆ 3 ಸಸಿಯಂತೆ 600 ಚದರಡಿಗೆ ಸುಮಾರು 167 ಸಸಿ ಹಾಕುತ್ತಾರೆ. ಪುಣೆಯ ಗುಡ್ಡಗಳ ಸಹಜ ರೂಪ ಹುಲ್ಲು, ಪೊದೆ, ನಡುನಡುವೆ ಮರ. ಸೊಸೈಟಿಯ ಕಿರಿದಾದ ಪಟ್ಟಿಯಲ್ಲಿ ಗೋಡೆಗೆ ಐದು ಅಡಿ ದೂರದಲ್ಲಿ ಬೂರುಗ, ಡ್ರೈನೇಜ್ ಪೈಪಿನ ನೆತ್ತಿಯ ಮೇಲೆ ಹೊಂಗೆ ಹಾಕಿದ ನಕ್ಷೆ ನೋಡಿದರೆ ಬರೆದವರಿಗೆ ಬೂರುಗ ಎಷ್ಟು ದಪ್ಪವಾಗುತ್ತದೆಂದು ಮರೆತಿದೆ ಎನಿಸುತ್ತದೆ. ಅದೇ ಜಾಗಕ್ಕೆ ಎರಡು ಕಕ್ಕೆ, ಒಂದು ಆಪ್ಟಾ, ಕೆಳಗೆ ಇಪ್ಪತ್ತು ಪೊದೆ ಧಾರಾಳ.

ಬೀಜದ ಪೊಟ್ಟಣಗಳು ಅಗ್ಗ, ಆದರೆ ಮೇಲೆ ವಿಧಾನ ಬರೆದಿಲ್ಲ. ಕಕ್ಕೆಯ ಬೀಜ ಕಲ್ಲಿನಂಥದು. ಮರಳುಕಾಗದದಿಂದ ಒಂದು ಬದಿ ಉಜ್ಜಿ ರಾತ್ರಿಯಿಡೀ ನೆನೆಹಾಕದಿದ್ದರೆ ತಿಂಗಳುಗಟ್ಟಲೆ ಕಾಯಬೇಕಾದೀತು. ಮುತ್ತುಗದ ಬೀಜ ಹಳತಾದಷ್ಟೂ ಮೊಳಕೆ ಕಡಿಮೆ. ಮೇ ಕೊನೆಯಲ್ಲಿ ಕೇಳಿ ಪಡೆದು ಮಳೆ ಬಿದ್ದೊಡನೆ ನೆಲಕ್ಕೇ ಹಾಕಿ.

ಟೆಂಪೋದಲ್ಲಿ ಮನೆಗೆ ಕಳಿಸುತ್ತಾರೆ. ತೆರೆದ ಗಾಡಿಯಾದರೆ ನೆರಳುಬಲೆ ಹೊದಿಸಲು ಹೇಳಬೇಕು, ಹೆದ್ದಾರಿಯ ಗಾಳಿಗೆ ಎಳೆಯ ಎಲೆ ಒಣಗುತ್ತದೆ. ಬಂದ ದಿನವೇ ನೆಡದೆ ಒಂದು ವಾರ ನೆರಳಿನಲ್ಲಿಟ್ಟು ನೀರು ಹಾಕಿ. 30 ದಿನದೊಳಗೆ ಸತ್ತ ಗಿಡಕ್ಕೆ ಬದಲಿ ಕೊಡುತ್ತಾರೆ, ಆದರೆ ಬಿಲ್ಲಿನಲ್ಲಿ ಬರೀ ‘ಝಾಡ್, 12 ನಗ’, ಅಂದರೆ ‘ಗಿಡ, 12’ ಎಂದಿದ್ದರೆ ಯಾವುದು ಸತ್ತಿತೆಂಬ ವಾದ ಶುರುವಾಗುತ್ತದೆ. ಪ್ರತಿ ಗಿಡದ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆಸಿಕೊಂಡೇ ದುಡ್ಡು ಕೊಡಿ.