ಉಜ್ಜೀವನ ಕೂಟದ ‘ಫುಲ್ ಪ್ಯಾಕೇಜ್’: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಬೆಂಗಳೂರಿನ ಹೆಣ್ಣೂರು, ಲಿಂಗರಾಜಪುರದ ಕಡೆ ಸೌಂಡು, ಶಾಮಿಯಾನ ಬಾಡಿಗೆಗೆ ಕೊಡುವವರು ಈಗ ಮೂರು ಸಂಜೆಯ ಉಜ್ಜೀವನ ಕೂಟಕ್ಕೆ, ಅಂದರೆ ಕ್ರೈಸ್ತರು ಭಕ್ತಿ ಮತ್ತೆ ಚಿಗುರಲೆಂದು ನಡೆಸುವ ಬೋಧನೆಯ ಕೂಟಕ್ಕೆ, ಎಲ್ಲ ಸೇರಿಸಿ ಒಂದೇ ರೇಟು ಹೇಳುತ್ತಾರೆ. ಅಂಥದ್ದೊಂದು ಪ್ಯಾಕೇಜಿನ ವಿಮರ್ಶೆ ಇದು. 60ಕ್ಕೆ 100 ಅಡಿ ಪೆಂಡಾಲ್, 650 ಕುರ್ಚಿ, ನಾಲ್ಕು ಟಾಪ್ (ಮಾತು ಕೇಳಿಸುವ ಸ್ಪೀಕರ್), ಎರಡು ಬೇಸ್ (ತಗ್ಗು ಸ್ವರದ ಸ್ಪೀಕರ್), ಎಲ್‌ಇಡಿ ವಾಲ್, ಬಣ್ಣದ ಲೈಟು, ಹೊಗೆ ಮೆಷಿನ್, 62.5 ಕೆವಿಎ ಜನರೇಟರ್. ಅಂಗಡಿಯ ಹೆಸರು ಬೇಡ, ಪಟ್ಟಿ ಎಲ್ಲರದ್ದೂ ಹೆಚ್ಚುಕಮ್ಮಿ ಇದೇ.

ಪೆಂಡಾಲಿಗೆ ಪೂರ್ತಿ ಅಂಕ. ಕುರ್ಚಿಗೆ 8 ಚದರಡಿ ಲೆಕ್ಕ ಹಾಕಿದ್ದಾರೆ, ಓಡಾಡಲು ಜಾಗ ಉಳಿಯುತ್ತದೆ.

ಸೌಂಡಿನ ವಿಷಯಕ್ಕೆ ಬರೋಣ. ದುಡ್ಡು ಸುರಿಯಬೇಕಾದದ್ದು ಇಲ್ಲಿ, ಏಕೆಂದರೆ ಕೊನೇ ಸಾಲಿನ ಅಜ್ಜಿಗೆ ಬೈಬಲ್ ವಾಕ್ಯ ಕೇಳಿಸದಿದ್ದರೆ ಕೂಟ ಇಟ್ಟೂ ಪ್ರಯೋಜನ ಇಲ್ಲ. ಟಾಪ್ ಎರಡು ವೇದಿಕೆಯ ಪಕ್ಕ, ಇನ್ನೆರಡು 50 ಅಡಿ ಆಚೆ ನಡುಗಂಬಕ್ಕೆ. ವೇದಿಕೆಯ ದನಿ ಅಲ್ಲಿಗೆ ಮುಟ್ಟಲು ಸುಮಾರು 45 ಮಿಲಿಸೆಕೆಂಡ್ ಬೇಕು. ಅಷ್ಟೇ ಡಿಲೇಯನ್ನು, ಅಂದರೆ ತಡವನ್ನು, ನಡುಗಂಬದ ಸ್ಪೀಕರಿಗೆ ಕೊಡದಿದ್ದರೆ ಹಿಂದೆ ಕೂತವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳಿಸುತ್ತದೆ, ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ‘ಪಶ್ಚಾತ್ತಾಪ’ ಅನ್ನುವುದು ‘ಪಚಾತಾಪ’ ಆಗುತ್ತದೆ! ಈ ಅಂಗಡಿಯವರ ಮಿಕ್ಸರಿನಲ್ಲಿ ಡಿಲೇ ಇದೆ, ಆದರೆ ಹೇಳುವ ತನಕ ಯಾರೂ ಹಾಕುವುದಿಲ್ಲ. ಬೋಧಕರ ಮೈಕಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಲೂ ಹೇಳಿ. ಇಲ್ಲದಿದ್ದರೆ ದನಿ ಬೇಸ್ ಸ್ಪೀಕರಿಗೆ ಹೋಗಿ ಗುಂಯ್ ಅನ್ನುತ್ತದೆ, ಪಕ್ಕದ ಬೀದಿಯವರ ಕಿಟಕಿ ಅದುರುತ್ತದೆ.

ದೊಡ್ಡ ಕೊರತೆ ಭಾಷಾಂತರಕಾರರದ್ದು. ಬೆಂಗಳೂರಿನಲ್ಲಿ ಬೋಧನೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ನಡೆದು, ಕನ್ನಡಕ್ಕೆ ಪಕ್ಕದಲ್ಲೇ ಒಬ್ಬರು ನಿಂತಿರುತ್ತಾರೆ. ಬೋಧಕರಿಗೆ ಹೊಸ ಕಾರ್ಡ್‌ಲೆಸ್, ಇವರಿಗೆ ಕರಕರ ಅನ್ನುವ ಹಳೇ ವೈರ್ ಮೈಕ್, ತಮ್ಮ ದನಿ ತಮಗೇ ಕೇಳಿಸುವ ಮಾನಿಟರ್ ಸ್ಪೀಕರ್ ಇಲ್ಲವೇ ಇಲ್ಲ. ಕೂತವರಲ್ಲಿ ಮುಕ್ಕಾಲು ಪಾಲು ಕೇಳುವುದು ಇವರ ದನಿಯನ್ನೇ. ಎರಡೂ ಮೈಕಿನ ಲೆವೆಲ್ ಸಮ ಇರಲಿ.

2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಹಗಲಲ್ಲೂ ಮೈದಾನದ ಗಡಿಯಲ್ಲಿ ಆ ಪ್ರದೇಶಕ್ಕೆ ನಿಗದಿಯಾದ ಶಬ್ದಮಟ್ಟಕ್ಕಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಯಾವುದು ಕಡಿಮೆಯೋ ಅದೇ ಮಿತಿ. ಪೊಲೀಸ್ ಅನುಮತಿ ಪತ್ರ ಸಂಘಟಕರೇ ತರಬೇಕು, ಪ್ಯಾಕೇಜಿನಲ್ಲಿ ಅದು ಸೇರಿಲ್ಲ.

ಇನ್ನು ಲೈಟು. ಸೌಂಡಿನ ಫೇಸಿಗೇ ಡಿಮ್ಮರ್ ಲೈಟು ಕೊಟ್ಟರೆ ಸ್ಪೀಕರಿನಲ್ಲಿ ಜುಂಯ್ ಅನ್ನುವ ಸದ್ದು ಬರುತ್ತದೆ, ಬೇರೆ ಫೇಸಿಗೆ ಹಾಕಿದರೆ ಹೋಗುತ್ತದೆ. ಆದರೆ ಬೇಸರ ತರಿಸುವುದು ಆ ಸದ್ದಲ್ಲ, ಲೈಟಿನ ಹುಡುಗ ಸಂಜೆ ಐದಕ್ಕೇ ಬಂದು ಕೇಳುವ ಪ್ರಶ್ನೆ: “ಬ್ರದರ್, ಆಲ್ಟರ್ ಕಾಲ್ ಎಷ್ಟೊತ್ತಿಗೆ?” ಮನಸ್ಸು ಕರಗಿದವರನ್ನು ವೇದಿಕೆಯ ಮುಂದೆ ಬರಲು ಬೋಧಕರು ಕರೆಯುವುದೇ ಆಲ್ಟರ್ ಕಾಲ್. 8:40ಕ್ಕೆ ಎಂದರೆ 8:40ಕ್ಕೆ ಸರಿಯಾಗಿ ವೇದಿಕೆ ನೀಲಿಯಾಗುತ್ತದೆ, ಹೊಗೆ ಏಳುತ್ತದೆ, ಕೀಬೋರ್ಡಿನವನು ಮೆಲ್ಲಗೆ ಒಂದು ಸ್ವರ ಹಿಡಿದು ನಿಲ್ಲುತ್ತಾನೆ. ಆಗ ಬರುವ ಕಣ್ಣೀರಿನಲ್ಲಿ ಪವಿತ್ರಾತ್ಮನ ಕೆಲಸ ಎಷ್ಟು, ಕೀಬೋರ್ಡಿನದೆಷ್ಟು? ಹೇಗೆ ಬೇರ್ಪಡಿಸುತ್ತೀರಿ? ಹಿಂದಿನ ಬ್ಯಾನರಿನಲ್ಲಿ ಬೈಬಲಿನ ಜೆಕರ್ಯ 4:6, ‘ನನ್ನ ಆತ್ಮದಿಂದಲೇ’. ಅದರ ಪಕ್ಕ ವಾಕ್ಯಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ ಬೋಧಕರ ಮುಖ.

ಉಜ್ಜೀವನ ತರುವುದು ದೇವರೋ, ನಮ್ಮ ಏರ್ಪಾಡೋ ಅನ್ನುವ ಜಗಳ ಹಳೆಯದು. ತಕ್ಕ ಸಾಧನಗಳನ್ನು ಸರಿಯಾಗಿ ಬಳಸಿದರೆ ಉಜ್ಜೀವನ ಬರುತ್ತದೆ ಎಂದು 1830ರ ದಶಕದಲ್ಲಿ ಅಮೆರಿಕದ ಬೋಧಕ ಚಾರ್ಲ್ಸ್ ಫಿನ್ನಿ ವಾದಿಸಿದರು. ಮನಸ್ಸು ಕಲಕಿದವರನ್ನು ಮುಂದಿನ ಬೆಂಚಿಗೆ ಕರೆದು ಕೂರಿಸುತ್ತಿದ್ದವರು ಅವರೇ. ಅದಕ್ಕೂ ನೂರು ವರ್ಷ ಮೊದಲು ಅಲ್ಲಿಯದೇ ಬೋಧಕ ಜೊನಾಥನ್ ಎಡ್ವರ್ಡ್ಸ್ ತಮ್ಮ ಊರಿನ ಉಜ್ಜೀವನವನ್ನು ದೇವರೇ ಮಾಡಿದ ಅಚ್ಚರಿ ಎಂದು ಬರೆದಿದ್ದರು. ಇನ್ನು ನ್ಯೂಯಾರ್ಕಿನ ಫುಲ್ಟನ್ ಬೀದಿಯಲ್ಲಿ 1857ರ ಸೆಪ್ಟೆಂಬರ್ 23ರ ಮಧ್ಯಾಹ್ನ ಜೆರೆಮಾಯ ಲ್ಯಾನ್‌ಫಿಯರ್ ಪ್ರಾರ್ಥನೆಗೆ ಕರೆದಾಗ ಅರ್ಧ ಗಂಟೆ ಒಬ್ಬರೇ ಕೂತಿದ್ದರು, ಕೊನೆಗೆ ಸೇರಿದ್ದು ಆರು ಜನ. ಆರು ತಿಂಗಳಲ್ಲಿ ಸಾವಿರಾರು ಮಂದಿ. ಅಲ್ಲಿದ್ದ ಏರ್ಪಾಡು ಇಷ್ಟೇ: ಒಬ್ಬರಿಗೆ ಐದು ನಿಮಿಷ, ಮೀರಿದರೆ ಗಂಟೆ ಬಾರಿಸುವುದು. 1905ರಲ್ಲಿ ಪಂಡಿತಾ ರಮಾಬಾಯಿ ಅವರು ಪುಣೆ ಬಳಿಯ ಕೆಡಗಾಂವ್‌ನಲ್ಲಿ ನಡೆಸುತ್ತಿದ್ದ ಹೆಣ್ಣುಮಕ್ಕಳ ಆಶ್ರಯಧಾಮ ಮುಕ್ತಿ ಮಿಷನ್‌ನಲ್ಲೂ ಉಜ್ಜೀವನಕ್ಕೆ ಮೊದಲು ನಡೆದದ್ದು ಹುಡುಗಿಯರ ದಿನನಿತ್ಯದ ಪ್ರಾರ್ಥನೆ.

ಹಾಗಂತ ‘40 ದಿನ ಉಪವಾಸ, ಉಜ್ಜೀವನ ಗ್ಯಾರಂಟಿ’ ಅನ್ನುವುದೂ ಹೊಗೆ ಮೆಷಿನ್ನಿನ ತಮ್ಮನೇ. ಪ್ರಾರ್ಥನೆ ಅಂದರೆ ಕೇಳಿಕೊಳ್ಳುವುದು, ಗುಂಡಿ ಒತ್ತುವುದಲ್ಲ.

ಅಡ್ವಾನ್ಸ್ ಕೊಡುವ ಮೊದಲು ಬಿಡಿಬಿಡಿಯಾಗಿ ರೇಟು ಕೇಳಿ. ವಾಲ್, ಬಣ್ಣದ ಲೈಟು, ಹೊಗೆ ತೆಗೆಸಿ. ಅವು ಹೋದರೆ ಸೌಂಡಿಗೂ ಟ್ಯೂಬ್‌ಲೈಟಿಗೂ 15 ಕೆವಿಎ ಜನರೇಟರ್ ಸಾಕು. ನಗರದಲ್ಲಿ ಫ್ಲೆಕ್ಸ್‌ಗೆ ನಿಷೇಧ ಇದೆ, ಬಟ್ಟೆ ಬ್ಯಾನರ್ ಬರೆಸಿ. ಉಳಿದ ದುಡ್ಡಿನಲ್ಲಿ ಭಾಷಾಂತರಕಾರರಿಗೆ ಒಳ್ಳೆ ಮೈಕು, ಒಂದು ಮಾನಿಟರ್. ಪ್ಯಾಕೇಜಿನಲ್ಲಿ ಇಲ್ಲದ್ದು ಪ್ರಾರ್ಥನೆಗೆ ಜಾಗ. ವೇದಿಕೆಯ ಹಿಂದೆ 15ಕ್ಕೆ 20 ಅಡಿ ಸೈಡ್ ಪೆಂಡಾಲ್ ಹಾಕಿಸಿ, ಮೂವತ್ತು ಜನ ನೆಲದ ಮೇಲೆ ಆರಾಮಾಗಿ ಕೂರುತ್ತಾರೆ. ಅಲ್ಲಿಗೆ ಮೈಕ್ ಬೇಡ. ಚಾಪೆಗೆ ಬೇರೆ ಬಾಡಿಗೆ ಕೇಳುತ್ತಾರೆ, ಚೌಕಾಸಿ ಮಾಡದೆ ಕೊಟ್ಟುಬಿಡಿ.