ಮನೆಯಲ್ಲಿ ಬೆಳ್ಳಿ ನೀರು ಮಾಡೋಕೆ ಹೊರಟಿದ್ದೀರಾ? ಮೊದಲು ನಮ್ಮಮ್ಮನ ಉಗುರಿನ ಕತೆ ಕೇಳಿ

ಹೋದ ವಾರ ಅಂಗಡಿಗೆ ಒಬ್ಬ ಹುಡುಗ ಬಂದ. ಎರಡು ಲೀಟರ್ ಬ್ಯಾಟರಿ ನೀರು, ಒಂದು 24 ವೋಲ್ಟ್ ಅಡಾಪ್ಟರ್, ಎರಡು ಕ್ರೊಕೊಡೈಲ್ ಕ್ಲಿಪ್ ಬೇಕು ಅಂದ. ನಾನು ತುಮಕೂರಿನಲ್ಲಿ ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುವವನು. ಈ ಮೂರನ್ನೂ ಒಟ್ಟಿಗೆ ಕೇಳುವವರು ಅಪರೂಪ. "ಏನಕ್ಕಪ್ಪಾ?" ಅಂದೆ. ಫೋನ್ ತೆಗೆದು ಒಂದು ವಾಟ್ಸಾಪ್ ಮೆಸೇಜ್ ತೋರಿಸಿದ. ಮನೆಯಲ್ಲೇ ಬೆಳ್ಳಿ ನೀರು ತಯಾರಿಸಿ, ಆಸ್ಪತ್ರೆ ಖರ್ಚು ಉಳಿಸಿ ಅಂತ ಬರೆದಿತ್ತು. ಕೆಳಗೊಂದು ಫೋಟೋ. ಗಾಜಿನ ಜಾರ್, ಅದರೊಳಗೆ ಎರಡು ಬೆಳ್ಳಿ ತಂತಿ, ಕೆಳಗೆ ಹಸಿರು ರಬ್ಬರ್ ಮ್ಯಾಟ್, ಮ್ಯಾಟಿನ ಮೂಲೆಯಲ್ಲಿ ಸೋಲ್ಡರಿಂಗ್ ಐರನ್ ತಾಗಿ ಸುಟ್ಟ ಗುರುತು. ಆ ಮ್ಯಾಟ್ ಈಗಲೂ ನನ್ನ ಕೌಂಟರ್ ಮೇಲಿದೆ. ಫೋಟೋ ತೆಗೆದು ಹತ್ತಾರು ಗ್ರೂಪಿಗೆ ಕಳಿಸಿದವನು ನಾನೇ, 2021ರಲ್ಲಿ.

ಹುಡುಗನಿಗೆ ಏನನ್ನೂ ಕೊಡಲಿಲ್ಲ. ಟೀ ಕುಡಿಸಿ, ಒಂದು ಗಂಟೆ ಕೂರಿಸಿಕೊಂಡು ನಡೆದದ್ದನ್ನು ಹೇಳಿ ಕಳಿಸಿದೆ. ಆದರೆ ಆ ಮೆಸೇಜ್ ಇನ್ನೂ ಎಲ್ಲೆಲ್ಲಿ ತಿರುಗುತ್ತಿದೆಯೋ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಾಧ್ಯವಾದರೆ ಇದನ್ನೂ ಅಷ್ಟೇ ಗ್ರೂಪಿಗೆ ಕಳಿಸಿ.

ಕೋವಿಡ್ ಎರಡನೇ ಅಲೆ ನೆನಪಿದೆಯಲ್ವಾ? ಬೆಡ್ ಇಲ್ಲ, ಆಕ್ಸಿಜನ್ ಇಲ್ಲ, ನಮ್ಮ ಬೀದಿಯಲ್ಲೇ ಹದಿನೈದು ದಿನದಲ್ಲಿ ಇಬ್ಬರು ಹೋದರು. ಅಂಗಡಿ ಮುಚ್ಚಿತ್ತು. ಇಡೀ ದಿನ ಫೋನ್ ನೋಡುವುದೇ ಕೆಲಸ. ಆಗ ಕಣ್ಣಿಗೆ ಬಿದ್ದದ್ದು ಈ ಕೊಲಾಯ್ಡಲ್ ಸಿಲ್ವರ್, ಅಂದರೆ ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುವ ನೀರು. ಬೆಳ್ಳಿ ರೋಗಾಣು ಕೊಲ್ಲುತ್ತೆ, ನಮ್ಮ ಹಿರಿಯರು ಅದಕ್ಕೇ ಬೆಳ್ಳಿ ಲೋಟದಲ್ಲಿ ನೀರು ಕುಡಿಯುತ್ತಿದ್ದರು, ಔಷಧ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ ಅಂತೆಲ್ಲ ವಿಡಿಯೋ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತೆ ಅನ್ನುವುದು ಸುಳ್ಳಲ್ಲ. ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಮುಲಾಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ, ಅದನ್ನು ಡಾಕ್ಟರೇ ಬರೆದುಕೊಡುತ್ತಾರೆ. ಚರ್ಮದ ಮೇಲಿನ ಆ ಮುಲಾಮಿನಿಂದ ಹೊಟ್ಟೆಗೆ ಕುಡಿಯುವ ನೀರಿಗೆ ನಾನು ಹಾರಿದ್ದು ಹೇಗೆ ಅಂತ ಈಗ ಯೋಚಿಸಿದರೆ ನನಗೇ ಗೊತ್ತಾಗುವುದಿಲ್ಲ.

ಮಾಡುವುದು ಎಷ್ಟು ಸುಲಭ ಅಂದರೆ, ಅದೇ ದೊಡ್ಡ ಅಪಾಯ. ಪರಿಚಯದ ಅಕ್ಕಸಾಲಿಯ ಹತ್ತಿರ 20 ಗ್ರಾಂ ಅಚ್ಚ ಬೆಳ್ಳಿಯಲ್ಲಿ ಎರಡು ತಂತಿ ಎಳೆಸಿದೆ. ಅಂಗಡಿಯಲ್ಲಿ ಬ್ಯಾಟರಿ ನೀರಿನ ಕ್ಯಾನ್ ಇತ್ತು. ಅದು ಬ್ಯಾಟರಿಗೆ ಹಾಕುವ ನೀರು, ಕುಡಿಯುವುದಕ್ಕಲ್ಲ ಅಂತ ಗಿರಾಕಿಗಳಿಗೆ ನಾನೇ ಹೇಳುತ್ತಿದ್ದೆ! ಜಾರ್‌ಗೆ ಅರ್ಧ ಲೀಟರ್ ಸುರಿದು, ತಂತಿ ಇಳಿಸಿ, ಅಡಾಪ್ಟರ್ ಹಾಕಿದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ತಂತಿಯ ಸುತ್ತ ಸಣ್ಣ ಸಣ್ಣ ಗುಳ್ಳೆ. ಇನ್ನೊಂದರಿಂದ ಊದುಬತ್ತಿ ಹೊಗೆ ತಲೆಕೆಳಗಾದ ಹಾಗೆ ತೆಳ್ಳನೆಯ ಎಳೆ ಕೆಳಗಿಳಿಯಿತು. ತಂತಿಗೆ ಕಪ್ಪು ನೊರೆಯಂಥದ್ದು ಮೆತ್ತಿಕೊಂಡಿತು, ಟಿಶ್ಯೂನಲ್ಲಿ ಒರೆಸಿ ಮತ್ತೆ ಇಳಿಸಿದೆ. ಕೊನೆಗೆ ನೀರು ಹೆಸರುಬೇಳೆ ತೊಳೆದ ನೀರಿನ ಹಾಗೆ ತೆಳು ಹಳದಿ. ಲೇಸರ್ ಪಾಯಿಂಟರ್ ಬಿಟ್ಟರೆ ನೀರಿನೊಳಗೆ ಕೆಂಪು ಗೆರೆ ಕಾಣುತ್ತಿತ್ತು. ಕಣಗಳಿವೆ ಅನ್ನುವುದಕ್ಕೆ ಅದೇ ಸಾಕ್ಷಿ ಅಂತ ವಿಡಿಯೋದವನು ಹೇಳಿದ್ದ. ಆರ್‌ಓ ನೀರು ಪರೀಕ್ಷಿಸುವ ಟಿಡಿಎಸ್ ಮೀಟರ್ ಅದ್ದಿದೆ. 10 ಅಂತ ತೋರಿಸಿತು. 10ರಿಂದ 20 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ, ಇದ್ದರೆ ಸರಿಯಾದ ಡೋಸ್ ಅಂತೆ. ನನ್ನ ಖುಷಿ ಏನು ಕೇಳ್ತೀರಿ.

ಆ ಮೀಟರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಾಚಿಕೆ ಆಗುವುದು ಅಲ್ಲೇ. ನಾನು ಕರೆಂಟಿನ ಕೆಲಸದವನು. ಟಿಡಿಎಸ್ ಮೀಟರ್ ಬೆಳ್ಳಿಯನ್ನು ಅಳೆಯುವುದಿಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ, ಅದು ಉಪ್ಪಾಗಿದ್ದರೆ ಇಷ್ಟಿರಬಹುದು ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತದೆ ಅಷ್ಟೆ. ಕಣಗಳಾಗಿ ತೇಲುತ್ತಿರುವ ಬೆಳ್ಳಿ ಅದಕ್ಕೆ ಕಾಣುವುದೇ ಇಲ್ಲ. ಇಂಥ ಜಾರ್‌ನಲ್ಲಿ ಕರಗುವ ಬೆಳ್ಳಿಯಲ್ಲಿ ಕಣಗಳಿಗಿಂತ ಅಯಾನುಗಳೇ, ಅಂದರೆ ನೀರಿನಲ್ಲಿ ಕರಗಿ ಕರೆಂಟ್ ಸಾಗಿಸುವ ಬೆಳ್ಳಿಯೇ ಜಾಸ್ತಿ. ಅಡಾಪ್ಟರ್ ಹಾಕಿಟ್ಟು ಊಟಕ್ಕೆ ಹೋದರೆ, ನೀರಿನಲ್ಲಿ ಬೆಳ್ಳಿ ಸೇರಿದಷ್ಟೂ ಕರೆಂಟ್ ಹೆಚ್ಚಾಗಿ, ಇನ್ನೂ ಬೇಗ ಬೆಳ್ಳಿ ಕರಗುತ್ತದೆ. ಇವತ್ತಿನ ನೀರು ನಾಳೆಯದರ ಹಾಗಿರುವುದಿಲ್ಲ. ಬೇಗ ಆಗಲಿ ಅಂತ ಒಂದು ಹರಳು ಉಪ್ಪು ಹಾಕಿ ಅನ್ನುವವರೂ ಇದ್ದಾರೆ. ಹಾಕಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದು ಸಿಲ್ವರ್ ಕ್ಲೋರೈಡ್. ಹಳೇ ಕಾಲದ ಫೋಟೋ ಕಾಗದಕ್ಕೆ ಬಳಿಯುತ್ತಿದ್ದ ಸಾಮಾನು ಅದೇ.

ಮೊದಲ ದಿನ ಮೂವರೂ ಕುಡಿದೆವು. ನನ್ನ ಹೆಂಡತಿ ಒಂದು ಗುಟುಕಿಗೇ ಲೋಟ ಕೆಳಗಿಟ್ಟಳು. "ಬೀಗದ ಕೈ ನೆಕ್ಕಿದ ಹಾಗಿದೆ, ನಂಗೆ ಬೇಡ" ಅಂದಳು. ನಾನು ಒಂದೂವರೆ ತಿಂಗಳು ಕುಡಿದು, ಅಂಗಡಿ ತೆರೆದ ಮೇಲೆ ಸೋಮಾರಿತನಕ್ಕೆ ಬಿಟ್ಟೆ. ಅಮ್ಮ ಬಿಡಲಿಲ್ಲ. ಅಮ್ಮನಿಗೆ ಆಗ 61. ಮಗ ಮಾಡಿಕೊಟ್ಟದ್ದು ಅಂತ, ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ತೀರ್ಥದ ಹಾಗೆ ಬೆಳ್ಳಿ ಲೋಟದಲ್ಲಿ ಒಂದು ಸಲ, ಸಂಜೆ ಒಂದು ಸಲ. ದಿನಕ್ಕೆ ಸುಮಾರು 300 ಮಿಲಿ. ಉಳಿದದ್ದರಲ್ಲಿ ಮುಖ ತೊಳೆದುಕೊಳ್ಳುತ್ತಿದ್ದರು. ನಾನು ರಾತ್ರಿ ಅಂಗಡಿ ಮುಚ್ಚುವ ಮುಂಚೆ ಮರುದಿನದ ಅರ್ಧ ಲೀಟರ್ ಮಾಡಿ ಬಾಟಲಿಗೆ ತುಂಬಿ ತರುತ್ತಿದ್ದೆ. ಹೀಗೆ 2022ರ ದೀಪಾವಳಿ ತನಕ.

ಮೊದಲು ಕೈ ಕೊಟ್ಟದ್ದು ಥೈರಾಯ್ಡ್. ಅಮ್ಮ ಹತ್ತು ವರ್ಷದಿಂದ 75ರ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಥೈರಾಯ್ಡ್ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಟಿಎಸ್‌ಎಚ್ ಯಾವಾಗಲೂ ಸರಿಯಾಗಿರುತ್ತಿತ್ತು. ಆ ವರ್ಷ 11ಕ್ಕೆ ಹೋಯಿತು. ಡಾಕ್ಟರ್ 100ಕ್ಕೆ ಏರಿಸಿದರು. ಮಾತ್ರೆ ಸರಿಯಾಗಿ ತಗೋತೀರಾ ಅಂತ ಕೇಳಿದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ ಅಂತ ಅಮ್ಮ ಹೇಳಿದರು. ಯಾವ ನೀರು ಅಂತ ಯಾರು ಕೇಳ್ತಾರೆ? ಹೊಟ್ಟೆಯಲ್ಲಿ ಬೆಳ್ಳಿ ಇದ್ದರೆ ಥೈರಾಕ್ಸಿನ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಕೆಲವು ಆಂಟಿಬಯಾಟಿಕ್‌ಗಳಿಗೂ ಅದೇ ಗತಿ ಅಂತ ನಮಗೆ ಗೊತ್ತಾದದ್ದು ಆಮೇಲೆ.

ಬಣ್ಣ ಬದಲಾದದ್ದು ಮನೆಯವರಿಗೆ ಕಾಣಲಿಲ್ಲ. ದಿನಾ ನೋಡುವ ಮುಖ ಅಲ್ವಾ. ನನ್ನ ತಂಗಿ ಹಬ್ಬಕ್ಕೆ ಬಂದವಳು ಬಾಗಿಲಲ್ಲೇ ನಿಂತು, "ಅಮ್ಮಾ, ಯಾಕೆ ಹೀಗಿದ್ದೀಯ? ಉಸಿರಾಟಕ್ಕೆ ಏನಾದ್ರೂ ತೊಂದ್ರೆನಾ?" ಅಂದಳು. ಆಗ ನೋಡಿದೆ. ಉಗುರಿನ ಬುಡದಲ್ಲಿ ಬೆಳ್ಳಗಿರುವ ಅರ್ಧಚಂದ್ರ ಇರುತ್ತಲ್ಲ, ಅದು ಪೆನ್ಸಿಲ್ ಸೀಸದ ಬಣ್ಣಕ್ಕೆ ತಿರುಗಿತ್ತು. ಹಣೆ, ಮೂಗು, ಕೆನ್ನೆ ಮೇಲೆ ಬೂದಿ ತೆಳ್ಳಗೆ ಸವರಿದ ಹಾಗೆ. ಒಸಡೂ ಕಪ್ಪಗೆ. ಗಾಬರಿಯಾಗಿ ಆಕ್ಸಿಮೀಟರ್ ಹಾಕಿದೆವು. 98. ಬೆರಳು ಬದಲಾಯಿಸಿದೆವು. 98. ನನ್ನ ಬೆರಳಿಗೆ ಹಾಕಿದರೆ 97! ಉಗುರು ನೀಲಿ, ಆಕ್ಸಿಜನ್ ಮಾತ್ರ ಭರ್ತಿ. ಇಸಿಜಿ ಆಯಿತು, ಎಕೋ ಆಯಿತು, ರಕ್ತ ಪರೀಕ್ಷೆ ಆಯಿತು. ಹೃದಯಕ್ಕೆ ಏನೂ ಇಲ್ಲ ಅಂತ ಮೂರು ಕಡೆ ಹೇಳಿದರು.

ಕೊನೆಗೆ ಬೆಂಗಳೂರಿನ ಒಬ್ಬ ಚರ್ಮದ ಡಾಕ್ಟರು ಅಮ್ಮನ ಕೈ ಹಿಡಿದು, ಸೀರೆ ಸೆರಗಿನಿಂದ ಮುಚ್ಚಿದ ತೋಳಿನ ಬಣ್ಣವನ್ನೂ ಬಿಸಿಲಿಗೆ ಬಿದ್ದ ಮುಂಗೈ ಬಣ್ಣವನ್ನೂ ಪಕ್ಕಪಕ್ಕದಲ್ಲಿ ನೋಡಿದರು. "ಬೆಳ್ಳಿದು ಏನಾದ್ರೂ ತಗೊಳ್ತಿದ್ರಾಮ್ಮಾ?" ಅಂತ ಕೇಳಿದರು. ಅಮ್ಮ ಹೆಮ್ಮೆಯಿಂದ, "ಹೌದು ಡಾಕ್ಟ್ರೇ, ನನ್ನ ಮಗ ಮಾಡಿಕೊಡ್ತಾನೆ" ಅಂದರು. ನಾನು ನೆಲ ನೋಡುತ್ತಿದ್ದೆ.

ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿದರು. ಬೆವರು ಗ್ರಂಥಿಗಳ ಸುತ್ತ ಕಪ್ಪು ಕಣ. ಇದಕ್ಕೆ ಅರ್ಜೀರಿಯಾ ಅಂತ ಹೆಸರು. ದೇಹಕ್ಕೆ ಬೆಳ್ಳಿಯ ಅಗತ್ಯವೇ ಇಲ್ಲ, ಒಳಗೆ ಹೋದದ್ದರಲ್ಲಿ ಒಂದು ಪಾಲು ಹೊರಗೆ ಹೋಗದೆ ಚರ್ಮದಲ್ಲಿ ಕೂತುಬಿಡುತ್ತದೆ. ಬಿಸಿಲು ಬಿದ್ದ ಕಡೆ ಕಪ್ಪಾಗುತ್ತದೆ. ಡಾಕ್ಟರ್ ಅದನ್ನು ಹೇಳಿದ ರೀತಿ ಮರೆಯಲಾರೆ: ಹಳೇ ಫಿಲ್ಮ್ ರೋಲ್ ಬೆಳಕಿಗೆ ಹಿಡಿದರೆ ಏನಾಗುತ್ತಿತ್ತೋ ಅದೇ ಚರ್ಮದೊಳಗೆ ಆಗ್ತಿದೆ, ಆದರೆ ಈ ರೋಲನ್ನು ಮತ್ತೆ ತೊಳೆಯೋಕಾಗಲ್ಲ. ಮೈಯಿಂದ ಬೆಳ್ಳಿ ಎಳೆದು ತೆಗೆಯುವ ಔಷಧ ಇಲ್ಲ. ಒಂದು ಬಗೆಯ ಲೇಸರ್‌ನಿಂದ ಕೆಲವರಿಗೆ ಬಣ್ಣ ತಿಳಿಯಾಗಿದೆ, ಆದರೆ ನೋವು ಜಾಸ್ತಿ, ಖರ್ಚು ಜಾಸ್ತಿ, ಇಡೀ ಮುಖಕ್ಕೆ ಮಾಡಿಸುವುದು ಸುಲಭ ಅಲ್ಲ. ಅಮ್ಮ ಬೇಡ ಅಂದರು. ಬೆಳ್ಳಿ ನೀರು ನಿಲ್ಲಿಸಿದರು, ಸನ್‌ಸ್ಕ್ರೀನ್ ಹಚ್ಚುತ್ತಾರೆ, ಕೊಡೆ ಇಲ್ಲದೆ ಹೊರಗೆ ಹೋಗುವುದಿಲ್ಲ. ಥೈರಾಯ್ಡ್ ಮಾತ್ರೆ ನಾಲ್ಕು ತಿಂಗಳಲ್ಲಿ ಮತ್ತೆ 75ಕ್ಕೆ ಇಳಿಯಿತು. ಬಣ್ಣ ಮಾತ್ರ ಹಾಗೇ ಇದೆ. ಈ ಮಧ್ಯೆ ಬೆಳ್ಳಿಯನ್ನು ಹೊರಹಾಕುವ 'ಡಿಟಾಕ್ಸ್' ಪುಡಿ ಅಂತ ಒಬ್ಬ 6,000 ರೂಪಾಯಿ ಕೇಳಿದ. ಅಷ್ಟು ಹೊತ್ತಿಗೆ ನನಗೆ ಬುದ್ಧಿ ಬಂದಿತ್ತು.

ಇದು ನಮಗೊಬ್ಬರಿಗೇ ಆದದ್ದಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಮೊಂಟಾನಾದಲ್ಲಿ ಸ್ಟ್ಯಾನ್ ಜೋನ್ಸ್ ಅನ್ನುವವರು 1999ರಲ್ಲಿ, ವೈ2ಕೆ ಗದ್ದಲದಲ್ಲಿ (2000 ಬಂದರೆ ಕಂಪ್ಯೂಟರ್‌ಗಳು ಕೈ ಕೊಡುತ್ತವೆ ಅನ್ನುವ ಭಯ) ಆಂಟಿಬಯಾಟಿಕ್ ಸಿಗದೆ ಹೋಗಬಹುದು ಅಂತ ಹೆದರಿ ಬೆಳ್ಳಿ ನೀರು ಮಾಡಿಕೊಂಡು ಕುಡಿದರು. 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಅವರ ಮುಖ ನೀಲಿ ಬೂದು. ಪೇಪರಿನವರಿಗೆ ಅವರ ರಾಜಕೀಯಕ್ಕಿಂತ ಬಣ್ಣವೇ ಸುದ್ದಿ. ಪಾಲ್ ಕ್ಯಾರಸನ್ ಅನ್ನುವವರು ವರ್ಷಗಟ್ಟಲೆ ಕುಡಿದು, ಮುಖಕ್ಕೂ ಹಚ್ಚಿಕೊಂಡು ಪೂರ್ತಿ ನೀಲಿಯಾಗಿದ್ದರು. 2008ರಲ್ಲಿ ಟಿವಿಯಲ್ಲಿ ಬಂದರು, 2013ರಲ್ಲಿ ತೀರಿಕೊಂಡರು. ಆ ದೇಶದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ, ಅಂಗಡಿಯಲ್ಲಿ ಔಷಧ ಅಂತ ಮಾರುವ ಕೊಲಾಯ್ಡಲ್ ಸಿಲ್ವರ್ ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಅಂತ ಹೇಳಿತ್ತು. ನಾನು ಜಾರ್ ಇಟ್ಟುಕೊಂಡು ಕೂರುವ ಹೊತ್ತಿಗೆ ಅದಕ್ಕೆ 22 ವರ್ಷ. ಹುಡುಕಿದ್ದರೆ ಸಿಗುತ್ತಿತ್ತು. ನಾನು ಹುಡುಕಿದ್ದು 'ಮಾಡುವ ವಿಧಾನ' ಮಾತ್ರ.

ಚಿನ್ನದ ವಿಷಯವನ್ನೂ ಹೇಳಬೇಕು. ಬೆಳ್ಳಿ ಆದ ಮೇಲೆ ಆಸೆ ಬಿಡುತ್ತಾ? ಚಿನ್ನದ ನೀರು ಕುಡಿದರೆ ಮಂಡಿ ನೋವು ಹೋಗುತ್ತೆ, ಮಕ್ಕಳಿಗೆ ನೆನಪಿನ ಶಕ್ತಿ ಬರುತ್ತೆ ಅಂತ ಒಬ್ಬ ಗೆಳೆಯ ತಲೆ ತುಂಬಿಸಿದ. ಬೆಳ್ಳಿಯ ಹಾಗೆ ಚಿನ್ನ ಬರೀ ಕರೆಂಟಿಗೆ ಬಗ್ಗುವುದಿಲ್ಲ. ಎರಡು ಗಂಟೆ ಇಟ್ಟರೂ ನೀರು ನೀರಾಗೇ ಇತ್ತು. ಚಿನ್ನದ ಕಣ ತೇಲುವ ನೀರು ನಿಜಕ್ಕೂ ಚೆಂದ ಇರುತ್ತದೆ, ದಾಳಿಂಬೆ ರಸದ ಕೆಂಪು. ವಿಜ್ಞಾನಿ ಮೈಕೆಲ್ ಫ್ಯಾರಡೆ 1850ರ ದಶಕದಲ್ಲಿ ಲಂಡನ್ನಿನಲ್ಲಿ ಮಾಡಿಟ್ಟ ಬಾಟಲಿಗಳು ಇನ್ನೂ ಇವೆ. ಆದರೆ ಅದಕ್ಕೆ ಮೊದಲು ಚಿನ್ನವನ್ನು ಆಸಿಡ್‌ಗಳ ಮಿಶ್ರಣದಲ್ಲಿ ಕರಗಿಸಬೇಕು. ನಾನು ಮಾಳಿಗೆ ಮೇಲೆ ಗಾಜಿನ ಬಟ್ಟಲಿನಲ್ಲಿ ಅದನ್ನೂ ಶುರು ಮಾಡಿದೆ. ಬಟ್ಟಲಿನಿಂದ ಕಿತ್ತಳೆ ಕಂದು ಹೊಗೆ ಎದ್ದದ್ದೇ ತಡ, ಗಂಟಲು ಹಿಡಿದು ಕೆಳಗೆ ಓಡಿದೆ. ರಾತ್ರಿಯಿಡೀ ಕೆಮ್ಮು. ಆ ಹೊಗೆ ಕುಡಿದವರು ಮೊದಲು ಆರಾಮಾಗೇ ಇದ್ದು, ಎಷ್ಟೋ ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಿ ಸಾಯಬಹುದು ಅಂತ ಓದಿದ್ದು ಮರುದಿನ. ನಮ್ಮ ಅಕ್ಕಸಾಲಿಗೆ ಹೇಳಿದರೆ ಬೈದರು. "ನಾವೇ ಅದನ್ನ ಮನೇಲಿ ಮಾಡಲ್ಲ, ನೀವು ಕುಡಿಯೋಕೆ ಮಾಡ್ತೀರಾ?" ಬಟ್ಟಲಿಟ್ಟ ಜಾಗದಲ್ಲಿ ಸಿಮೆಂಟ್ ಇವತ್ತಿಗೂ ಕೊರೆದ ಹಾಗಿದೆ. ಅಷ್ಟಾದರೂ ಅಮ್ಮನ ಬೆಳ್ಳಿ ನೀರನ್ನು ನಾನು ನಿಲ್ಲಿಸಲಿಲ್ಲ ನೋಡಿ. ಹೊಗೆ ಬರುವುದು ಮಾತ್ರ ವಿಷ ಅಂದುಕೊಂಡಿದ್ದೆ.

ಕೆಲವರು ಕೇಳುತ್ತಾರೆ: ಹಾಗಾದರೆ ಬೆಳ್ಳಿ ಲೋಟ? ಮಗುವಿನ ಬೆಳ್ಳಿ ಒಳಲೆ? ಅವನ್ನು ಸುಮ್ನೆ ಬಳಸಿ. ಲೋಟದಿಂದ ನೀರಿಗೆ ಬರುವ ಬೆಳ್ಳಿ ತೀರಾ ಅತ್ಯಲ್ಪ, ಅದಕ್ಕೂ ಕರೆಂಟ್ ಕೊಟ್ಟು ತಂತಿ ಕರಗಿಸುವುದಕ್ಕೂ ಹೋಲಿಕೆಯೇ ಇಲ್ಲ. ಆಯುರ್ವೇದದ ಬೆಳ್ಳಿ ಭಸ್ಮವೂ ಇದೂ ಒಂದೇ ಅಂತ ಹೇಳಿ ಮಾರುವವರೂ ಇದ್ದಾರೆ. ಒಂದೇ ಅಲ್ಲ. ಮನೆಯಲ್ಲಿ ಈಗಾಗಲೇ ಯಾರಾದರೂ ಈ ನೀರು ಕುಡಿಯುತ್ತಿದ್ದರೆ ಇವತ್ತೇ ನಿಲ್ಲಿಸಿ, ಹಗಲು ಬೆಳಕಿನಲ್ಲಿ ಅವರ ಉಗುರಿನ ಬುಡ, ಒಸಡು, ಕಣ್ಣಿನ ಬಿಳಿ ಭಾಗ ನೋಡಿ. ಡಾಕ್ಟರ ಹತ್ತಿರ ಹೋದಾಗ ನಾಚಿಕೆಪಡದೆ ಹೇಳಿ. ನಾವು ಹೇಳಿದ್ದರೆ ಎಕೋ ಖರ್ಚಾದರೂ ಉಳಿಯುತ್ತಿತ್ತು.

ಅಮ್ಮ ನನ್ನನ್ನು ಒಂದು ದಿನವೂ ಬೈದಿಲ್ಲ. "ನೀನೇನು ಬೇಕಂತ ಮಾಡಿದ್ಯಾ" ಅನ್ನುತ್ತಾರೆ. ಹೋದ ವರ್ಷ ಸೋದರತ್ತೆ ಮಗಳ ಮದುವೆಯಲ್ಲಿ ಫೋಟೋ ತೆಗೆಯುವ ಹುಡುಗ, "ಅಮ್ಮಾ, ನೆರಳಲ್ಲಿದ್ದೀರ, ಸ್ವಲ್ಪ ಬೆಳಕಿಗೆ ಬನ್ನಿ" ಅಂದ. ಅಮ್ಮ ನಿಂತಿದ್ದದ್ದು ಲೈಟಿನ ನೇರಕ್ಕೇ. ಎರಡು ಹೆಜ್ಜೆ ಮುಂದೆ ಬಂದು ನಿಂತರು. ಅವನು ಮತ್ತೆ ಹಾಗೇ ಅಂದ.

ಬಯಾಪ್ಸಿ ಬಂದ ವಾರ ಆ ಎರಡು ತಂತಿಗಳನ್ನು ಅಕ್ಕಸಾಲಿಯ ಹತ್ತಿರ ತೂಕಕ್ಕೆ ಕೊಟ್ಟೆ. 15 ಗ್ರಾಂ 400 ಮಿಲಿಗ್ರಾಂ. ತಂದಿದ್ದು 20. ಆ ಕಪ್ಪು ಕೆಸರು, ಒರೆಸಿ ಎಸೆದ ಟಿಶ್ಯೂ ಅಂತ ಒಂದು ಗ್ರಾಂ ಕಳೆಯಿರಿ. ಉಳಿದದ್ದು ಸುಮಾರು 230 ಲೀಟರ್ ನೀರಿಗೆ ಹೋಗಿದೆ. ಅಂದರೆ ಲೀಟರಿಗೆ 15 ಮಿಲಿಗ್ರಾಂ ಮೇಲೆ. ಕುಡಿಯುವ ನೀರಿನಲ್ಲಿ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಗುಣಮಟ್ಟ ನಿಗದಿ ಮಾಡುವ ಸಂಸ್ಥೆ ಬಿಐಎಸ್ ಹೇಳುತ್ತದೆ. ಲೆಕ್ಕ ಹಾಕುತ್ತಾ ನಿಂತಿದ್ದೆ. ಅವರು ತಕ್ಕಡಿಯಿಂದ ತಂತಿ ಎತ್ತಿ, "ನಾಲ್ಕೂವರೆ ಗ್ರಾಂ ಕಮ್ಮಿ ಇದೆಯಲ್ಲಣ್ಣಾ, ಯಾರಿಗಾದ್ರೂ ಕೊಟ್ರಾ?" ಅಂದರು.

ಅಮ್ಮನಿಗೆ ಅಂದೆ.