ಎಚ್‌ಟುಎಸ್ ಬಾಟಲಿ: ಅಡಿಗೆಗೆ ಮೊದಲು ಬಾವಿ ನೀರಿನ ಪರೀಕ್ಷೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮದುವೆ, ಉಪನಯನಗಳಿಗೆ ಅಡಿಗೆಗೆ ಹೋಗುವವ ನಾನು. ಸಾಮಾನಿನ ಪಟ್ಟಿ ಬರೆಸಲು ವಾರ ಮೊದಲೇ ಆ ಮನೆಗೆ ಹೋಗುತ್ತೇನಲ್ಲ, ಆಗ ಚೀಲದಲ್ಲಿ ನೀರು ಪರೀಕ್ಷಿಸುವ ಈ ಬಾಟಲಿಯೂ ಇರುತ್ತದೆ. ಕಡಿಮೆ ಬೆಲೆಗೆ ಸಿಗುವ ಸಾಮಾನು. ನಮ್ಮೂರಿನ ಪ್ರತಿ ಮನೆಯಲ್ಲೂ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಬಳಸುವ ಕ್ರಮ ಸುಲಭ. ಒಳಗೆ ಮದ್ದು ಹೀರಿಸಿ ಒಣಗಿಸಿದ ಕಾಗದವೋ ಪುಡಿಯೋ ಇರುತ್ತದೆ. ಗೆರೆಯವರೆಗೆ ಬಾವಿ ನೀರು ತುಂಬಿ, ಮುಚ್ಚಳ ಬಿಗಿದು, ಅಡಿಗೆ ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿ ಇಟ್ಟರಾಯಿತು. 24ರಿಂದ 48 ಗಂಟೆಯೊಳಗೆ ನೀರು ಕಪ್ಪಾದರೆ ಅದಕ್ಕೆ ಮಲದ ಸಂಪರ್ಕ ಆಗಿದೆ ಎಂದು ಸಂಶಯಪಡಬೇಕು. ಕರುಳಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ (ಎಚ್‌ಟುಎಸ್) ಅನಿಲ ಬಿಡುತ್ತವೆ, ಬಾಟಲಿಗೆ ಆ ಹೆಸರು ಅದರಿಂದಲೇ. ಅದು ಮದ್ದಿನಲ್ಲಿರುವ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುತ್ತದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಲ್ಯಾಬು, ಕರೆಂಟು ಯಾವುದೂ ಬೇಡ.

ಅಡಿಗೆಯವನಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಸಾರು, ಸಾಂಬಾರು ಕುದಿಯುತ್ತವೆ, ಅವುಗಳ ಚಿಂತೆ ನನಗಿಲ್ಲ. ಆದರೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ, ನೀರು. ಆಮೇಲೆ ಪಾನಕ, ಮಜ್ಜಿಗೆ, ತಂಬುಳಿ. ಇವು ಯಾವುವೂ ಒಲೆ ಕಾಣುವುದಿಲ್ಲ. 2024ರಲ್ಲಿ ಮಲಪ್ಪುರಂ, ಎರ್ನಾಕುಳಂ ಜಿಲ್ಲೆಗಳಲ್ಲಿ ಕಾಮಾಲೆ ಹರಡಿತಲ್ಲ, ಅದರಲ್ಲೊಂದು ಕಡೆ ಬೇರು ಸಿಕ್ಕಿದ್ದು ಮದುವೆಯ ಊಟದಲ್ಲಿ. ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ಕೆಂಪು ನೀರು ಇದೆಯಲ್ಲ ಎಂದು ಸಮಾಧಾನಪಡಬೇಡಿ. ಕುದಿಸಿದ ಅರ್ಧ ಹಂಡೆಗೆ ಅರ್ಧ ಹಂಡೆ ತಣ್ಣೀರು ಸುರಿಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಬಣ್ಣ ಕೆಂಪೇ ಉಳಿಯುತ್ತದೆ, ಕುದಿಸಿದ ಫಲ ಹೋಯಿತು.

ಪೆರ್ಲದ ಹತ್ತಿರದ ಒಂದು ಮನೆಯಲ್ಲಿ ಯಜಮಾನರಿಗೆ ಬಾಟಲಿ ನೋಡಿಯೇ ಬೇಸರವಾಯಿತು. "ಅಜ್ಜ ತೋಡಿಸಿದ ಬಾವಿ ಭಟ್ರೇ, ತಳದ ಕಲ್ಲು ಕಾಣುವಷ್ಟು ತಿಳಿ" ಎಂದರು. ತಿಳಿಯೇ ಇತ್ತು, ರುಚಿಯೂ ಇತ್ತು. ಮರುದಿನ ಸಂಜೆಗೆ ಬಾಟಲಿ ಮಸಿಯಂತಾಗಿತ್ತು. ಮದುವೆಗೆ ನೆಂಟರು ಬರುತ್ತಾರೆಂದು ಹೊಸ ಕಕ್ಕಸು ಕಟ್ಟಿಸಿದ್ದರು, ಗುಂಡಿ ಬಾವಿಯ ಮೇಲಿನ ಮಗ್ಗುಲಲ್ಲಿ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ 7.5 ಮೀಟರ್ ಅಂತರ ಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಟೇಪು ಹಿಡಿದರೆ ಅಷ್ಟಿರಲಿಲ್ಲ. ನಮ್ಮದು ಮುರಕಲ್ಲಿನ ನೆಲ, ತೂತು ತೂತು. ಮಳೆಗಾಲದಲ್ಲಿ ಗುಂಡಿಯ ನೀರು ಬಾವಿಗೆ ಇಳಿಯಲು ಏನು ಕಷ್ಟ? ಅಷ್ಟು ಹೊತ್ತು ವಾದಿಸಿದವರು ಸೊಸೆಯ ಕಡೆ ತಿರುಗಿ, "ಮಗುವಿಗೂ ಇದೇ ನೀರು ಕೊಟ್ಟದ್ದಲ್ಲವಾ" ಎಂದಷ್ಟೇ ಕೇಳಿದರು.

ಕೇರಳ ಬಯಲುಶೌಚ ಮುಕ್ತವೆಂದು 2016ರಲ್ಲೇ ಘೋಷಣೆಯಾಗಿದೆ. ಕಕ್ಕಸು ಎಲ್ಲರಿಗೂ ಇದೆ, ಗುಂಡಿ ಎಲ್ಲಿದೆ ಎಂದು ಕೇಳುವವರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದಂತೆ 2024ರಲ್ಲಿ ಲೋಕದ 210 ಕೋಟಿ ಜನರಿಗೆ ಸುರಕ್ಷಿತ ಕುಡಿಯುವ ನೀರಿಲ್ಲ, 340 ಕೋಟಿ ಜನರಿಗೆ ಸುರಕ್ಷಿತ ಶೌಚ ವ್ಯವಸ್ಥೆ ಇಲ್ಲ. ಅವರ ಪ್ರಕಾರ ಸುರಕ್ಷಿತ ಎಂದರೆ ನೀರು ಮನೆಯಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಮಲಿನವೂ ಆಗಿರಬಾರದು. ಮೊದಲಿನ ಎರಡು ನಮಗಿವೆ. ಮೂರನೆಯದನ್ನು ನೋಡದೆ, ಅದು ಆಫ್ರಿಕಾದ ಸಂಗತಿ ಎಂದು ನಾವು ಪತ್ರಿಕೆ ಮಡಚಿಡುತ್ತೇವೆ.

ಇನ್ನು ಕೊರತೆಗಳು. ಎಷ್ಟು ಮಲಿನ ಎಂಬ ಅಳತೆ ಇದರಲ್ಲಿ ಸಿಗುವುದಿಲ್ಲ. ಜಡಿಮಳೆಯ ತಂಪಿನಲ್ಲಿ ಕಪ್ಪಾಗಲು ತಡವಾಗುತ್ತದೆ. ಗಂಧಕದ ಅಂಶವಿರುವ ಬೋರ್‌ವೆಲ್ ನೀರು ಸುಮ್ಮನೆಯೂ ಕಪ್ಪಾಗಬಹುದು. ಕಾಮಾಲೆಯ ವೈರಸ್ಸನ್ನು ಇದು ನೇರವಾಗಿ ಹಿಡಿಯುವುದಿಲ್ಲ. ಕೀಟನಾಶಕದ ಸುಳಿವಂತೂ ಸಿಗದು. ಗೇರು ತೋಟಗಳ ಮೇಲೆ 2000ದವರೆಗೂ ಆಕಾಶದಿಂದ ಎಂಡೋಸಲ್ಫಾನ್ ಸುರಿಸಿಕೊಂಡ, ಪೆರ್ಲ ಕಡೆಯ ಎಣ್ಮಕಜೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಬಾಟಲಿ ಕಪ್ಪಾಗದಿದ್ದರೂ ಬೆಲ್ಲದ ಜೊತೆ ಕೊಡುವ ನೀರನ್ನು ನಾನು ಕುದಿಸಿ ಆರಿಸಿಯೇ ಇಡಿಸುತ್ತೇನೆ.

ಕಪ್ಪಾದರೆ ಬ್ಲೀಚಿಂಗ್ ಪೌಡರ್ ಹಾಕಿಸಿ. ಸಾವಿರ ಲೀಟರಿಗೆ 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ 25 ಗ್ರಾಂ ಹತ್ತಿರ ಬೇಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಇಳಿಸಿ ಕಲಕಬೇಕು. ಒಂದು ಗಂಟೆ ಸಾಕೆನ್ನುತ್ತಾರೆ, ನಾನು ರಾತ್ರಿ ಹಾಕಿಸಿ ಬೆಳಿಗ್ಗೆ ಸೇದಿಸುತ್ತೇನೆ. ಗುಂಡಿ ಹತ್ತಿರವೇ ಇದ್ದರೆ ಇದು ನಾಲ್ಕು ದಿನದ ಪರಿಹಾರ, ಗುಂಡಿಯನ್ನೇ ಸ್ಥಳಾಂತರಿಸಬೇಕು.

ಕೊಳ್ಳುವಾಗ ಅವಧಿ ಮುಗಿಯುವ ತಾರೀಕು ನೋಡಿ, ಎರಡು ಬಾಟಲಿ ತನ್ನಿ. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಅದೇ ನೀರನ್ನು ಕುದಿಸಿ ಆರಿಸಿ ತುಂಬಿ, ಅಕ್ಕಪಕ್ಕ ಇಡಿ. ಮೊದಲ ಮಳೆ ಬಿದ್ದ ವಾರ ಒಮ್ಮೆ, ಏಪ್ರಿಲ್‌ನಲ್ಲಿ ನೀರು ತಳ ಸೇರಿದಾಗ ಇನ್ನೊಮ್ಮೆ ನೋಡಿ. ಕಪ್ಪಾದ ಬಾಟಲಿಯನ್ನು ಮಕ್ಕಳ ಕೈಗೆ ಸಿಗಲು ಬಿಡದೆ, ಬ್ಲೀಚಿಂಗ್ ನೀರು ಸುರಿದು ಎಸೆಯಿರಿ.